ಅಷ್ಟಮಿಯ ವಿಮಾನ, ಕಾಕೂನ ರಿಫಂಡ್

2023ನೆಯ ಇಸವಿಯ ಮಳೆಗಾಲ. ಆಗ ನಾನು ಮಡಗಾಂವಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದ ಕೂಡಲೇ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ವಿಭಾಗದಲ್ಲಿ ನಾವು ಇಬ್ಬರೇ; ಇನ್ನೊಬ್ಬಳು ಊಟಕ್ಕೆ ಎದ್ದುಹೋದರೆ ಪೂರ್ತಿ ವಿಭಾಗ ನಾನೇ. ಧಾರವಾಡದಿಂದ ಮದುವೆಯಾಗಿ ಗೋವಾಕ್ಕೆ ಬಂದವಳು, ಅರ್ಧ ಆಯುಷ್ಯವನ್ನು ಆ ಕೌಂಟರಿನ ಹಿಂದೆಯೇ ಕಳೆದೆ.

ನಮ್ಮ ಕೆಲಸದಲ್ಲಿ 'ಶೆಡ್ಯೂಲ್ ಚೇಂಜ್' ಎಂಬುದೊಂದು ಇದೆ. ಟಿಕೆಟ್ ಮಾರಿದ ಮೇಲೆ ವಿಮಾನ ಕಂಪನಿ ಹೊರಡುವ ವೇಳೆಯನ್ನೋ ದಿನವನ್ನೋ ಬದಲಿಸುತ್ತದೆ. ಪ್ರಯಾಣಿಕರ ಮೊಬೈಲಿಗೆ ಒಂದು ಸಂದೇಶ ಬರುತ್ತದೆ: ಹೊಸ ವೇಳೆ ಒಪ್ಪಿಕೊಳ್ಳಿ, ಇಲ್ಲವೇ ಪೂರ್ತಿ ರಿಫಂಡ್ ತೆಗೆದುಕೊಳ್ಳಿ. ರಿಫಂಡ್ ಒತ್ತಿದರೆ ಹಣ ಬರುತ್ತದೆ, ಟಿಕೆಟ್ ರದ್ದಾಗುತ್ತದೆ, ಆ ಸೀಟು ಇನ್ನೊಬ್ಬರ ಪಾಲಾಗುತ್ತದೆ. ಕೇಳದೆ ಹಣ ವಾಪಸ್ ಬಂದರೆ ಜನರ ಮುಖ ಅರಳುತ್ತದೆ. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಆ ವರ್ಷ ಅಂಥ ಅರಳಿದ ಮುಖ ಹೊತ್ತು ಬಂದವರು ಇಂದಿರಾ ಕಾಕೂ. ಫಾತೋರ್ಡಾದಲ್ಲಿ ನಮ್ಮದೇ ಗಲ್ಲಿಯವರು, ಬೆಳಗಾವಿ ಕಡೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮಗ ಪ್ರಸನ್ನ ವೆರ್ಣಾದ ಔಷಧ ಕಾರ್ಖಾನೆಯಲ್ಲಿ, ಸೊಸೆ ವಿಜಯಾ ಮಡಗಾಂವಿನ ಒಂದು ಆಫೀಸಿನಲ್ಲಿ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಾಗಿರಲಿಲ್ಲ. ದತ್ತು ಪಡೆಯಲು ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಭುವನೇಶ್ವರದಿಂದ ಕರೆ ಬಂದಿತ್ತು. ಹದಿನಾಲ್ಕು ತಿಂಗಳ ಹೆಣ್ಣುಮಗು. ಶುಕ್ರವಾರ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಅಲ್ಲಿನ ಸಮಿತಿಯ ಎದುರು ಕೂತು ಒಪ್ಪಿಗೆಯ ಸಹಿ ಹಾಕಬೇಕು. ಅವರಿಗೆ ಕೊಟ್ಟ ಅವಧಿ ಅಂದಿಗೇ ಮುಗಿಯುತ್ತಿತ್ತು. ತಪ್ಪಿದರೆ ಆ ಮಗು ಬೇರೆಯವರಿಗೆ, ಇವರು ಮತ್ತೆ ಸಾಲಿನ ಕೊನೆಗೆ.

ಟಿಕೆಟ್ ಮಾಡಿಕೊಟ್ಟವಳು ನಾನೇ. ಬುಧವಾರ ಬೆಳಗಿನ ವಿಮಾನ. ಅಂದು ಸಪ್ತಮಿ, ಪ್ರಯಾಣಕ್ಕೆ ಒಳ್ಳೆಯದು ಎಂದು ಪಂಚಾಂಗ ನೋಡಿ ದಿನ ಹಿಡಿದವರು ಕಾಕೂ. ಹಣವೂ ಅವರ ಕಾರ್ಡಿನದೇ. "ಮೊಮ್ಮಗಳನ್ನ ಕರಕೊಂಡ ಬರೂ ಟಿಕೀಟು ನನ್ನ ಪೆನ್ಷನ್ನಿನಾಗ ಆಗಬೇಕು" ಎಂದು ಹಟ ಹಿಡಿದಿದ್ದರು. ಪ್ರಸನ್ನನ ಕಾರ್ಖಾನೆಯ ಒಳಗೆ ಮೊಬೈಲ್ ಒಯ್ಯುವಂತಿಲ್ಲ. ಹಾಗಾಗಿ ಸಂದೇಶ ಬರಲಿ ಎಂದು ಕಾಕೂನ ನಂಬರನ್ನೇ ಕೊಟ್ಟೆವು.

ಹೊರಡುವ ಹಿಂದಿನ ದಿನ, ಮಂಗಳವಾರ, ಕಾಕೂ ಕೊಡೆ ಮಡಚುತ್ತ ಒಳಗೆ ಬಂದರು.

"ಸುನಂದಾ, ವಿಮಾನದವ್ರು ಗುರುವಾರ ಹೋಗ್ರಿ ಅಂತ ಮೆಸೇಜ್ ಹಾಕಿದ್ರವಾ. ಗುರುವಾರ ಅಷ್ಟಮಿ! ನಾ ರಿಫಂಡ್ ಒತ್ತಿಬಿಟ್ಟೆ. ರೊಕ್ಕ ವಾಪಸ್ ಬರತದಂತ. ಈಗ ನಾಳಿಂದು ಬ್ಯಾರೆ ಟಿಕೀಟ ಕೊಡು."

ಒಂದು ಬಸ್ಸು ತಪ್ಪಿದರೆ ಹಿಂದೆ ಇನ್ನೊಂದು ಬರುತ್ತದಲ್ಲ, ಅಷ್ಟೇ ನಿಶ್ಚಿಂತೆ ಅವರಿಗೆ. ಇಂಗ್ಲಿಷ್ ಬಾರದವರಾಗಿದ್ದರೆ ಆ ಸಂದೇಶವನ್ನು ನನಗೆ ತಂದು ತೋರಿಸುತ್ತಿದ್ದರೇನೋ. ಇವರು ಟೀಚರು, ತಾವೇ ಓದಿ, ಅರ್ಥಮಾಡಿಕೊಂಡು, ಒತ್ತಿಯೇ ಬಂದಿದ್ದರು.

ಸಿಟ್ಟು ಬಂತು, ನುಂಗಿಕೊಂಡೆ. ಕಂಪನಿಗೆ ಫೋನ್ ಮಾಡಿದೆ. ರದ್ದಾದ ಟಿಕೆಟ್ ಜೀವಂತವಾಗುವುದಿಲ್ಲ, ಗುರುವಾರದ ಆ ವಿಮಾನದಲ್ಲಿ ಈಗ ಒಂದೂ ಸೀಟಿಲ್ಲ ಎಂದರು. ಬುಧವಾರ ಗೋವಾದ ಎರಡು ವಿಮಾನ ನಿಲ್ದಾಣಗಳಲ್ಲಿ ದಾಬೋಳಿಯಿಂದಲೂ ಇಲ್ಲ, ಮೋಪಾದಿಂದಲೂ ಇಲ್ಲ. ರೈಲಿನಲ್ಲಿ ಹೋದರೆ ಶುಕ್ರವಾರ ಬೆಳಿಗ್ಗೆ ಮುಟ್ಟುವ ಮಾತೇ ಇಲ್ಲ. ಬೇರೆ ಬೇರೆ ಊರು ಹಾಕಿ ಹುಡುಕುತ್ತ ಹೋದೆ. ಕೊನೆಗೆ ಒಂದು ಸಿಕ್ಕಿತು: ಗುರುವಾರ ಬೆಳಿಗ್ಗೆ ಮೋಪಾದಿಂದ, ಹೈದರಾಬಾದಿನಲ್ಲಿ ವಿಮಾನ ಬದಲಿಸಿ, ಸಂಜೆಯೊಳಗೆ ಭುವನೇಶ್ವರ. ಉಳಿದದ್ದು ಎರಡೇ ಸೀಟು.

ಪ್ರಸನ್ನ ಫೋನಿಗೆ ಸಿಗಲಿಲ್ಲ. ವಿಜಯಾಳಿಗೆ ಹೇಳಿದೆ, ಆಫೀಸಿನಿಂದ ರಿಕ್ಷಾ ಹಿಡಿದು ತೊಯ್ದುಕೊಂಡೇ ಬಂದಳು. ಅಷ್ಟರಲ್ಲಿ ಎರಡೂ ಹೆಸರು ತುಂಬಿ, ಕಾಕೂ ಕೊಟ್ಟಿದ್ದ ಕಾರ್ಡಿನ ನಂಬರು ಹೊಡೆದಿದ್ದೆ. ಕಾಕೂನ ಮೊಬೈಲಿಗೆ ಓಟಿಪಿ ಬಂತು.

"ಓದ್ರಿ ಕಾಕೂ."

ಕಾಕೂ ಮೊಬೈಲನ್ನು ಎದೆಗವಚಿಕೊಂಡರು. "ಅಷ್ಟಮಿ ದಿವ್ಸ ಮನೀ ಬಿಟ್ಟು ಆ ಕೂಸಿನ್ನ ತರಲಿಕ್ಕೆ ಹೋಗಬಾರದವಾ. ಹನ್ನೊಂದ ವರ್ಷ ಕಾದೇವಿ. ಈಗರೆ ಎಲ್ಲಾ ನೆಟ್ಟಗ ಆಗಲಿ ಅಂತೇನಿ, ತಪ್ಪೇನ?"

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಇವರಿಗಿದ್ದದ್ದು ಹಟವಲ್ಲ, ಹೆದರಿಕೆ. ನನ್ನ ಕಾರ್ಡಿನಿಂದಲೇ ಕೊಂಡು ಇಬ್ಬರನ್ನೂ ಕಳಿಸಿಬಿಡಬಹುದಿತ್ತು. ವಿಜಯಾಳ ಮುಖ ನೋಡಿದೆ. ಅವಳು ಮೆಲ್ಲಗೆ ಹೇಳಿದಳು: "ನಾವು ಹೋಗೂದು ಖರೇ ರೀ ಮೌಶಿ. ಆದ್ರ ಅತ್ತಿಯವರು ಹೂಂ ಅನ್ನಬೇಕು. ನಾಳೆ ಕೂಸಿಗೆ ಒಂದು ಕೆಮ್ಮು ಬಂದ್ರೂ ಅಷ್ಟಮಿ ನೆನಪಾಗಬಾರದು."

ಓಟಿಪಿಯ ಅವಧಿ ಮುಗಿದುಹೋಯಿತು. ಆ ಎರಡು ಸೀಟು ಯಾವ ಕ್ಷಣದಲ್ಲಾದರೂ ಹೋಗಬಹುದಿತ್ತು. ಆಗ ಹೇಗೋ ನನ್ನ ಅವ್ವ ನೆನಪಾದಳು. ಅಪ್ಪನಿಗೆ ಕೆಟ್ಟ ದಿನವೇ ಊರಿಗೆ ಹೋಗಬೇಕಾಗಿ ಬಂದರೆ, ಅವ್ವ ಮುನ್ನಾದಿನ ಒಳ್ಳೆಯ ವೇಳೆಯಲ್ಲಿ ಅವನ ಒಂದು ಧೋತರವನ್ನು ಅಕ್ಷತೆ, ಅಡಿಕೆಯ ಜೊತೆ ಗಂಟು ಕಟ್ಟಿ, ಹೋಗುವ ದಿಕ್ಕಿಗಿರುವ ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಿದ್ದಳು. ಗಂಟು ಮನೆ ಬಿಟ್ಟಿತೆಂದರೆ ಮನುಷ್ಯ ಹೊರಟಂತೆಯೇ ಲೆಕ್ಕ. ಮರುದಿನ ಅಪ್ಪ ಯಾವ ವೇಳೆಗಾದರೂ ಹೊರಟು, ಹಾದಿಯಲ್ಲಿ ಆ ಗಂಟು ಎತ್ತಿಕೊಂಡು ಹೋಗುತ್ತಿದ್ದ. ಇದಕ್ಕೆ ಪರಸ್ಥಾನ ಇಡುವುದು ಎನ್ನುತ್ತಾರೆ.

"ಕಾಕೂ, ಪರಸ್ಥಾನ ಇಡೂಣ. ಭುವನೇಶ್ವರ ಪೂರ್ವಕ್ಕದ, ನಮ್ಮ ಮನೀನೂ ನಿಮ್ಮ ಮನೀಗೆ ಪೂರ್ವಕ್ಕನ ಅದ. ನಾಳೆ ಸಪ್ತಮಿ ಇರೂದ್ರಾಗ ಗಂಟು ತಂದು ನಮ್ಮ ಮನ್ಯಾಗ ಇಡ್ರಿ. ಗುರುವಾರ ಹುಡುಗರು ಅದನ್ನ ಎತ್ತಿಕೊಂಡು ಹೋಗ್ತಾರ."

ಕಾಕೂ ನನ್ನನ್ನೇ ನೋಡಿದರು. ಆಮೇಲೆ ಹಣೆ ಬಡಿದುಕೊಂಡು, "ಅಯ್ಯ, ನನಗ್ಯಾಕ ಹೊಳಿಲಿಲ್ಲವಾ ಇದು!" ಎಂದವರು ಮೊಬೈಲನ್ನು ನನ್ನ ಮುಂದೆ ಚಾಚಿದರು. "ಹೂಂ, ಕಳಸು ಇನ್ನೊಂದು ಓಟಿಪಿ!"

ಎರಡನೆಯ ಓಟಿಪಿಯನ್ನು ಅವರು ಕ್ಲಾಸಿನಲ್ಲಿ ಹಾಜರಿ ಕರೆದಂತೆ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದರು. ಟಿಕೆಟ್ ಬಂತು. ವಿಜಯಾ ಕುರ್ಚಿಯಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ನೀರು ಕುಡಿದೆ.

ಬುಧವಾರ ಬೆಳಿಗ್ಗೆ ಕಾಕೂ ಮಳೆಯಲ್ಲಿ ನಮ್ಮ ಮನೆಗೆ ಗಂಟು ತಂದರು. ಪ್ರಸನ್ನನ ಶರ್ಟು, ವಿಜಯಾಳ ಒಂದು ಸೀರೆ ಇರುತ್ತದೆ ಎಂದುಕೊಂಡಿದ್ದೆ. ಅವೂ ಇದ್ದವು. ಮೇಲೆ ಒಂದು ಕೆಂಪು ಕುಂಚಿಗೆ ಇತ್ತು, ಕೂಸಿನ ತಲೆಗೆ ಕಟ್ಟುವಂಥದು, ಅಂಚಿಗೆ ಜರಿ ಹೊಲಿದದ್ದು. "ಪ್ರಸನ್ನ ಹುಟ್ಟಿದಾಗಿಂದು," ಎಂದರು. "ಹೋಗೂದು ಅವರಿಬ್ಬರದು, ಬರೂದು ಈಕೀದೂ ಅದ ಅಲ್ಲಾ? ಈಕೀ ಸಾಮಾನೂ ಇರಲಿ." ಗಂಟನ್ನು ದೇವರ ಮುಂದೆ ಇಟ್ಟೆ.

ಗುರುವಾರ ಅಷ್ಟಮಿಯ ಬೆಳಗು ಹರಿಯುವ ಮುಂಚೆ ಗಂಡಹೆಂಡತಿ ನಮ್ಮ ಬಾಗಿಲಿಗೆ ಬಂದು ಗಂಟು ಎತ್ತಿಕೊಂಡು ಮೋಪಾಕ್ಕೆ ಹೋದರು. ವಿಮಾನ ವೇಳೆಗೆ ಸರಿಯಾಗಿ ಎದ್ದಿತು. ಶುಕ್ರವಾರ ಸಹಿ ಆಯಿತು. ಮಧ್ಯಾಹ್ನ ಒಂದು ಫೋಟೋ ಬಂತು: ಸೆಕೆಯ ಊರಿನಲ್ಲಿ ಕೆಂಪು ಕುಂಚಿಗೆ ಕಟ್ಟಿಸಿಕೊಂಡು ಸಿಡಿಮಿಡಿಗೊಂಡ ಒಂದು ಪುಟ್ಟ ಮುಖ. ಕೌಂಟರಿನಲ್ಲಿ ಗಿರಾಕಿ ಕೂತಿದ್ದರೂ ನನಗೆ ಅಳು ತಡೆಯಲಾಗಲಿಲ್ಲ.

ಮುಂದಿನ ವಾರ ಅವರು ವಾಪಸ್ ಬರುವ ಮುನ್ನ ಕಾಕೂನ ಫೋನು. "ಸುನಂದಾ, ಮತ್ತ ಮೆಸೇಜ್ ಬಂದದ! ನಾ ಏನೂ ಒತ್ತಿಲ್ಲ. ಮೊಬೈಲು ಮ್ಯಾಜಿನ ಮ್ಯಾಲೆ ಇಟ್ಟು ದೂರ ನಿಂತೇನಿ. ನೀ ಬಾ." ಹೋಗಿ ನೋಡಿದರೆ ವಿಮಾನ ಬರೀ ಹತ್ತು ನಿಮಿಷ ಮುಂದೆ ಹೋಗಿತ್ತು. ಒಪ್ಪಿಗೆ ಒತ್ತಿ, ಚಹಾ ಕುಡಿದು ಬಂದೆ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆಮೇಲೆ ನಾನು ಒಂದನ್ನೇ ಹೇಳುತ್ತ ಬಂದೆ. ರಿಫಂಡ್ ಬಂದಿದೆ ಎಂದು ಯಾರಾದರೂ ಖುಷಿಯಿಂದ ಬಂದರೆ, ಮೊದಲು ಯಾರು ಎಲ್ಲಿಗೆ ಏತಕ್ಕೆ ಹೊರಟಿದ್ದರು ಎಂದು ಕೇಳಿ. ಅವರು ಹೆದರಿದ್ದರೆ ಅದು ಯಾವುದಕ್ಕೆ ಎಂದೂ ಕೇಳಿ. ಸೀಟು ಹುಡುಕುವುದನ್ನು ಕಂಪ್ಯೂಟರ್ ಮಾಡುತ್ತದೆ. ಈ ಎರಡು ಪ್ರಶ್ನೆ ಕೇಳುವುದಕ್ಕೇ ನಮಗೆ ಸಂಬಳ.

ಮಗುವಿಗೆ ಎರಡು ತುಂಬುವವರೆಗೆ ವಿಮಾನದಲ್ಲಿ ಸ್ವಂತ ಸೀಟಿಲ್ಲ, ತಾಯಿಯ ತೊಡೆಯೇ ಸೀಟು. ಮರುವರ್ಷ ಒಂದು ಬೆಳಿಗ್ಗೆ ಕಾಕೂ ಮೊಮ್ಮಗಳ ಕೈಹಿಡಿದು ಕೌಂಟರಿಗೆ ಬಂದರು. ಅವಳನ್ನು ಎತ್ತಿ ನನ್ನ ಮುಂದಿನ ಕುರ್ಚಿಯಲ್ಲಿ ಕೂಡಿಸಿ, ಕಾರ್ಡ್ ತೆಗೆದು ಮೇಜಿನ ಮೇಲೆ ಇಟ್ಟರು.

"ಈಕೀಗೆ ಎರಡು ತುಂಬಿದ್ವು. ಈಕೀದೊಂದು ಪೂರ್ತಿ ಟಿಕೀಟ ತಗಿ. ಕಿಟಕೀ ಬದೀದು."