ತಪಾಸಣಾಧಿಕಾರಿಗೆ ಹೊದಿಸಿದ ಶಾಲು

ಗಲ್ಫಿನ ಅಲ್ ಕುಸೈಸಿನಲ್ಲಿ ನನ್ನ ಸೋದರಮಾವನ ಸಣ್ಣದೊಂದು ಸಸ್ಯಾಹಾರಿ ಹೋಟೆಲಿತ್ತು. ನಾನಾಗ ಹನ್ನೊಂದನೇ ಕ್ಲಾಸು, ಶಾಲೆಯ ಚರ್ಚಾತಂಡದಲ್ಲಿದ್ದೆ. ಪುರಾವೆಯಿಲ್ಲದೆ ಯಾರ ಮಾತನ್ನೂ ನಂಬುತ್ತಿರಲಿಲ್ಲ, ನನ್ನದನ್ನು ಬಿಟ್ಟು.

ಒಂದು ದಿನ ಪುರಸಭೆಯ ಆಹಾರ ತಪಾಸಣಾಧಿಕಾರಿ ಬಂದು, ದೋಸೆಹಿಟ್ಟಿನ ಬಕೆಟ್ಟುಗಳ ಮೇಲೆ ತಾರೀಖಿನ ಚೀಟಿಯಿಲ್ಲ, ಫ್ರಿಜ್ಜು ಸಾಕಷ್ಟು ತಣ್ಣಗಿಲ್ಲ ಎಂದು ಬರೆದುಕೊಂಡು ಹೋದ. ಹತ್ತು ದಿನ ಬಿಟ್ಟು ಮತ್ತೆ ಬರುತ್ತಾನೆ, ಆಗಲೂ ಸರಿಯಿಲ್ಲದಿದ್ದರೆ ಹೋಟೆಲಿಗೆ ಬೀಗ. ಮಾವ ಅಂದೇ ಫ್ರಿಜ್ಜು ರಿಪೇರಿ ಮಾಡಿಸಿದರು, ನೀರಿನ ಹೂಜಿಗೂ ತಾರೀಖಿನ ಚೀಟಿ ಅಂಟಿಸಿದರು. ಆದರೆ ಅವರ ಸಂಕಟ ಬೇರೆಯೇ ಇತ್ತು.

"ಒಂದು ಲೋಟ ನೀರು ಸಹ ಕುಡೀಲಿಲ್ಲ ಮಾರಾಯ್ತಿ! ಕಾಫಿ ಅಂದೆ, ಮಾಫಿ ಅಂದ, ಬೇಡವಂತೆ. ಬನ್ಸ್ ಅಂದೆ, ಅದೂ ಮಾಫಿ. ನಮ್ಮಲ್ಲಿಂದ ಖಾಲಿ ಹೊಟ್ಟೆಯಲ್ಲಿ ಹೋದವ ಅಂತ ಇದ್ರೆ ಇವನೊಬ್ಬನೇ."

"ಕುಡಿದ್ರೆ ಲಂಚ ಆಗ್ತದೆ ಮಾವ."

"ಬನ್ಸು ಎಂತ ಲಂಚ? ನಿಂಗೆ ತಲೆ ಸಮ ಉಂಟಾ?"

ಸಮ ಇರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು. ಏಕೆಂದರೆ ಆ ವಾರದ ಚರ್ಚೆಯ ವಿಷಯವೇ ಲಂಚ ಮತ್ತು ಉಡುಗೊರೆ. ನಾನು ಕೌಂಟರಿನ ಮುಂದೆ ನಿಂತು ಅಭ್ಯಾಸ ಮಾಡಿದೆ: "ಕೆಲಸಕ್ಕೆ ಮುಂಚೆ ಕೊಟ್ಟರೆ ಅದು ಲಂಚ, ಕೆಲಸ ಮುಗಿದ ಮೇಲೆ ಕೊಟ್ಟರೆ ಕೃತಜ್ಞತೆ!" ನನಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಚೀಟಿ ಎತ್ತಿದಾಗ ಬಂದ ಪಕ್ಷ ಅದು. ಮಾವನಿಗೆ ಈ ವಿಷಯ ಹೇಳಲು ಮರೆತೆ.

ಅಲ್ಲಿನ ನಮ್ಮ ಕರಾವಳಿಯವರ ಸಂಘಗಳಲ್ಲಿ ಶುಕ್ರವಾರದ ರಜೆ ಬಂತೆಂದರೆ ಯಾರಿಗಾದರೂ ಸನ್ಮಾನ. ಇಪ್ಪತ್ತು ವರ್ಷ ಊರಿಗೆ ಹೋಗದವನಿಗೂ ಶಾಲು, ಹೋಗಿ ಬಂದವನಿಗೂ ಶಾಲು. ಹೀಗಾಗಿ ಹತ್ತನೇ ದಿನ ಆ ಅಧಿಕಾರಿ ಬಂದಾಗ ಕೌಂಟರಿನ ಕೆಳಗೆ ಶಾಲು, ಮೈಸೂರು ಪೇಟ, ಹಣ್ಣಿನ ತಟ್ಟೆ ಎಲ್ಲ ಸಿದ್ಧವಾಗಿದ್ದವು. ನನಗೆ ಮಾತ್ರ ಗೊತ್ತಿರಲಿಲ್ಲ.

ಅವನು ಕುಳಿತು, ಮೊದಲ ಹಾಳೆಯನ್ನು ಮಾವನತ್ತ ಸರಿಸಿ ಸಹಿ ಕೇಳಿದ. ತಾನು ಬಂದ ಹೊತ್ತು ದಾಖಲಿಸುವ ಹಾಳೆ ಅಷ್ಟೆ, ತಪಾಸಣೆ ಇನ್ನೂ ಶುರುವೇ ಆಗಿರಲಿಲ್ಲ. ಮಾವ ಸಹಿ ಹಾಕಿದರು, ಎಲ್ಲ ಮುಗಿಯಿತೆಂದುಕೊಂಡರು. ಮರುಕ್ಷಣ ಅಧಿಕಾರಿಯ ಹೆಗಲ ಮೇಲೆ ಶಾಲು, ತಲೆಯ ಮೇಲೆ ಪೇಟ, ಮಡಿಲಲ್ಲಿ ಸೇಬು. ಮೂಲೆಯಲ್ಲಿ ಇಡ್ಲಿ ತಿನ್ನುತ್ತಿದ್ದವರೊಬ್ಬರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

"ಇದೇನು?" ಎಂದು ಅವನು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ.

"ಮಾವ, ಅವನಿನ್ನೂ ಫ್ರಿಜ್ಜೇ ನೋಡ್ಲಿಲ್ಲ!"

"ಸೈನ್ ಆಯ್ತಲ್ಲ? ಮುಗಿದ ಮೇಲೆ ಕೊಡ್ಲಿಕ್ಕೆ ಆಗ್ತದೆ ಅಂತ ನೀನೇ ಅಲ್ವಾ ಭಾಷಣ ಬಿಗಿದದ್ದು?"

ಅಧಿಕಾರಿ ಪೇಟವನ್ನು ಮೆಲ್ಲಗೆ ತೆಗೆದಿಟ್ಟು ಇನ್ನೊಂದು ಹಾಳೆ ಹೊರತೆಗೆದ. ಯಾರೇ ಏನೇ ಕೊಟ್ಟರೂ ಅವನು ಅದನ್ನು ಬರೆದು ಕಚೇರಿಗೆ ವರದಿ ಒಪ್ಪಿಸಬೇಕಂತೆ. ಶಾಲು, ಒಂದು. ಟೋಪಿ, ಒಂದು. ಮಾವ "ಅದು ಟೋಪಿ ಅಲ್ಲ, ಪೇಟ ಅಂತ ಹೇಳು" ಎಂದು ನನ್ನನ್ನು ತಿವಿದರು. ಕೊಟ್ಟ ಕಾರಣವೇನು ಎಂದು ಅವನು ಕೇಳಿದ. ಚರ್ಚೆಯಲ್ಲಿ ಮೂರು ಟ್ರೋಫಿ ಗೆದ್ದಿದ್ದರೂ ನನ್ನ ಬಾಯಿಗೆ ಬಂದದ್ದು ಸತ್ಯ: "ಹೋದ ಸಲ ನೀವು ಏನೂ ತೆಗೆದುಕೊಳ್ಳಲಿಲ್ಲವಲ್ಲ, ಅದಕ್ಕೆ."

ಅವನು ನನ್ನನ್ನೂ ಮಾವನನ್ನೂ ನೋಡಿ, ಅದನ್ನೇ ಬರೆದುಕೊಂಡ. ಆಮೇಲೆ, ಮುಗುಳ್ನಗದೆ, ಒಳಗೆ ಹೋಗಿ ಫ್ರಿಜ್ಜಿಗೆ ಥರ್ಮಾಮೀಟರ್ ಇಟ್ಟ, ಚೀಟಿಗಳನ್ನು ಒಂದೊಂದಾಗಿ ಓದಿದ. ಹೂಜಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತ. ಬಕೆಟ್ಟುಗಳು ಸರಿ, ಫ್ರಿಜ್ಜು ಸರಿ, ಹೋಟೆಲು ಪಾಸು. ಸನ್ಮಾನಕ್ಕೆ ಮಾತ್ರ ಲಿಖಿತ ಎಚ್ಚರಿಕೆ. ಈ ಸಲ ಅವನೇ ಸಹಿ ಹಾಕಿ, ಸಾಮಾನನ್ನೆಲ್ಲ ಮೇಜಿನ ಮೇಲೆ ಬಿಟ್ಟು ಹೊರಟ.

ಮಾವ ಶಾಲು ಹಿಡಿದು ಬಾಗಿಲಿಗೆ ಓಡಿದರು. "ಈಗ ನಿಜವಾಗಿ ಮುಗೀತಲ್ಲ ಮಾರಾಯ್ತಿ, ಈಗ ಆಗ್ಬಹುದಾ?"

ನಾನು ಮಾವನಿಗೆ ಅಡ್ಡವಾಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅವನ ಕಾರು ಹೋಗುವವರೆಗೂ ಅಲ್ಲಾಡಲಿಲ್ಲ.