ಗೊರಕೆ ನಿಂತದ್ದು ಯಾವಾಗ ಎಂದು ಕೇಳುವ ದೊಡ್ಡಮ್ಮ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಕಾರೊಂದು ಗಕ್ಕನೆ ನಿಲ್ಲುತ್ತದೆ. ಇಬ್ಬರು ಹುಡುಗರು ಮೂರನೆಯವನನ್ನು ಕಂಕುಳಿಗೆ ಕೈಕೊಟ್ಟು ಇಳಿಸುತ್ತಾರೆ. ನೆಲ ಒರೆಸುತ್ತಿದ್ದ ಆಯಾ ಬಕೆಟನ್ನು ಕಾಲಿನಿಂದಲೇ ಗೋಡೆಗೆ ಸರಿಸಿ ಸ್ಟ್ರೆಚರ್ ಎಳೆದು ತರುತ್ತಾರೆ. ಇಲ್ಲಿ ಅವರು ಎಲ್ಲರಿಗೂ ದೊಡ್ಡಮ್ಮ, ಡಾಕ್ಟರಿಗೂ.

"ಬರೀ ಕುಡಿದಿದಾನೆ, ಬೇರೇನಿಲ್ಲ" ಎನ್ನುತ್ತಾನೆ ಕನ್ನಡಕದ ಹುಡುಗ. ಡಾಕ್ಟರ್ ಕೇಳಿದರೂ ಅದೇ ಗಿಣಿಪಾಠ. ಮಲಗಿದವನ ತುಟಿ ನೀಲಿಗಟ್ಟಿದೆ. ಡಾಕ್ಟರ್ ಮಾಸ್ಕ್ ಒತ್ತಿ ಉಸಿರು ತುಂಬುತ್ತಿದ್ದಾರೆ. ಮುಂದಿನ ಚಿಕಿತ್ಸೆಗೆ ಅವನು ಏನೇನು ನುಂಗಿದ್ದಾನೆಂಬುದು ತಿಳಿಯಬೇಕು.

ದೊಡ್ಡಮ್ಮ ಕನ್ನಡಕದವನನ್ನು ಹೊರಗಿನ ಬೆಂಚಿಗೆ ಕರೆದು ನೀರು ಕೊಡುತ್ತಾರೆ.

"ಗೊರಕೆ ಹೊಡೀತಿದ್ನಾ ಮಗಾ?"

"ಹೂಂ, ಜೋರಾಗಿ. ನಾವು ನಕ್ಕೊಂಡು ವಿಡಿಯೊ ಮಾಡಿದ್ವಿ."

"ನಿಂತಿದ್ದು ಯಾವಾಗ?"

"ಗೊತ್ತಿಲ್ಲ. ಒಳ್ಳೆ ನಿದ್ದೆ ಹತ್ತಿರಬೇಕು ಅಂದ್ಕೊಂಡ್ವಿ."

"ಇನ್ನೇನು ತಗೊಂಡಿದ್ದ ಹೇಳಪ್ಪಾ. ಡಾಕ್ಟರಿಗೆ ಹೇಳ್ತೀನಿ. ನಿಮ್ಮನೆಯವರ ಹತ್ರ, ಅವನ ಮನೆಯವರ ಹತ್ರ ಬಾಯಿ ಬಿಡಲ್ಲ."

ಹುಡುಗ ಅಳತೊಡಗುತ್ತಾನೆ. ನಿದ್ದೆ ಮಾತ್ರೆ, ಜೊತೆಗೆ ಯಾರದೋ ಆಪರೇಷನ್ನಿಗೆ ಬರೆದುಕೊಟ್ಟಿದ್ದ ನೋವಿನ ಮಾತ್ರೆ. ಮಜಾ ಹೆಚ್ಚಲಿ ಎಂದು ಗೆಳೆಯ ಕುಡಿತದ ಮೇಲೆ ಎರಡನ್ನೂ ನುಂಗಿದ್ದಾನೆ. ಅವನ್ನು ತಂದುಕೊಟ್ಟವನು ತಾನೇ ಎಂದೂ ಒಪ್ಪಿಕೊಳ್ಳುತ್ತಾನೆ. ದೊಡ್ಡಮ್ಮ ಅಷ್ಟರಲ್ಲಾಗಲೇ ಒಳಗೆ ಓಡಿದ್ದಾರೆ. ನೋವಿನ ಮಾತ್ರೆಯ ಅಮಲಿಳಿಸುವ ಇಂಜೆಕ್ಷನ್ ಹೊರಬರುತ್ತದೆ.

"ಮದ್ಯ, ನಿದ್ದೆ ಮಾತ್ರೆ, ಇಂಥ ಅಮಲಿನ ನೋವಿನ ಮಾತ್ರೆ, ಮೂರೂ ಉಸಿರಾಟವನ್ನು ನಿಧಾನ ಮಾಡುವಂಥವೇ. ಒಟ್ಟಿಗೆ ಸೇರಿದರೆ ಉಸಿರು ನಿಂತೇ ಹೋಗಬಹುದು" ಎಂದು ಡಾಕ್ಟರ್ ಆಮೇಲೆ, ವರದಿಗೆಂದು ರಾತ್ರಿಯಿಂದ ಅಲ್ಲೇ ಇದ್ದ ನನಗೆ ವಿವರಿಸುತ್ತಾರೆ. ಅಂಥ ಗೊರಕೆ ಸುಖನಿದ್ದೆಯದಲ್ಲ, ಉಸಿರಿನ ದಾರಿ ಕಟ್ಟಿಕೊಳ್ಳುತ್ತಿರುವ ಸದ್ದು. ಹುಡುಗ ಆ ವಿಡಿಯೊ ತೋರಿಸಲು ಬಂದ. ನೋಡುವ ಧೈರ್ಯ ನನಗಾಗಲಿಲ್ಲ.

ದೊಡ್ಡಮ್ಮನದು ಗುತ್ತಿಗೆ ಕೆಲಸ. ವಾರಕ್ಕೆ ಎರಡು ಮೂರು ಇಂಥ ಕಾರುಗಳು ಬರುತ್ತವೆ. ಮಂಡಿನೋವಿದ್ದರೂ ಕೂರಲು ಪುರುಸೊತ್ತಿಲ್ಲ. ಹಿಂದೊಮ್ಮೆ ಹೀಗೆಯೇ ಬಾಯಿಬಿಟ್ಟ ಹುಡುಗಿಯೊಬ್ಬಳ ಹೆಸರನ್ನು ರೋಗಿಯ ಮನೆಯವರಿಗೆ ಹೇಳದ ತಪ್ಪಿಗೆ ದೊಡ್ಡಮ್ಮನನ್ನು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆಗೆ ಹಾಕಿದ್ದರು. ಡಾಕ್ಟರೇ ಜಗಳವಾಡಿ ವಾಪಸ್ ಕರೆತಂದರಂತೆ.

"ಹೇಳಿಬಿಟ್ಟಿದ್ರೆ ಆಮೇಲೆ ಯಾವ ಮಗು ನನ್ನ ಹತ್ರ ನಿಜ ಹೇಳ್ತಿತ್ತು?" ಎನ್ನುತ್ತಾರೆ ದೊಡ್ಡಮ್ಮ. ಈ ಹುಡುಗರ ಗುರುತು ಬದಲಿಸಿದ್ದೂ ಅವರದೇ ಷರತ್ತಿನ ಮೇಲೆ.

ಬಿಸಿಲೇರುವ ಹೊತ್ತಿಗೆ ಮಲಗಿದವನು ಕಣ್ಣುಬಿಡುತ್ತಾನೆ. ಅವನ ತಂದೆ ಬಂದವರೇ ದೊಡ್ಡಮ್ಮನಿಗೆ ಅಡ್ಡ ನಿಲ್ಲುತ್ತಾರೆ. ಬೆಂಚಿನ ಮೇಲೆ ಕನ್ನಡಕದವನು ಇನ್ನೂ ಕುಳಿತಿದ್ದಾನೆ.

"ಮಾತ್ರೆ ಕೊಟ್ಟೋನು ಯಾರು? ನಿನಗೆ ಗೊತ್ತಂತೆ. ಹೇಳಲಿಲ್ಲ ಅಂದ್ರೆ ನಿನ್ನ ಕೆಲಸ ಹೋಗುತ್ತೆ."

ದೊಡ್ಡಮ್ಮ ಕೈಯೊರೆಸಿಕೊಳ್ಳುತ್ತಾ ವಾರ್ಡಿನ ಕಡೆ ನೋಡುತ್ತಾರೆ.

"ನಿಮ್ಮ ಮಗನ್ನೇ ಕೇಳಿ ಸಾರ್. ಕೇಳೋದಕ್ಕೆ ಇದಾನಲ್ಲ."