ಜವಾನ ಲ್ಯುಮಿರ್ ಶಾಲಾ ಮಂಡಳಿಗೆ ನಿಂತದ್ದು

ನೆಬ್ರಾಸ್ಕಾದ ಟೇಬರ್ ಕ್ರೀಕ್ ಊರಿನ ಶಾಲೆಯಲ್ಲಿ ಲ್ಯುಮಿರ್ ಸ್ಟ್ರನಾಡ್ ಇಪ್ಪತ್ತಾರು ವರ್ಷ ಜವಾನನಾಗಿದ್ದ. ಬಾಯ್ಲರ್ ಕಾಯುವುದು, ಹಿಮ ಬಿದ್ದ ದಿನ ಎಲ್ಲರಿಗಿಂತ ಮೊದಲೇ ಬಂದು ಮೆಟ್ಟಿಲಿಗೆ ಉಪ್ಪು ಎರಚುವುದು, ಮಕ್ಕಳು ವಾಂತಿ ಮಾಡಿಕೊಂಡರೆ ಮುಖ ಸಿಂಡರಿಸದೆ ಒರೆಸುವುದು, ಎಲ್ಲ ಅವನೇ. ಅವನಿಗೂ ಹೆಂಡತಿ ಅಡೆಲಿನ್‌ಗೂ ಮಕ್ಕಳಾಗಲಿಲ್ಲ. ಊರಿನ ಮಕ್ಕಳ ಹೆಸರೆಲ್ಲ ಅವನ ಬಾಯಲ್ಲಿತ್ತು, ಅವರ ಅಪ್ಪಂದಿರು ಯಾವ ಡೆಸ್ಕಿನ ಮೇಲೆ ಹೆಸರು ಕೆತ್ತಿದ್ದರೆಂಬುದೂ ಗೊತ್ತಿತ್ತು.

ಗೊತ್ತಿದ್ದದ್ದು ಇನ್ನೊಂದಿತ್ತು. ಅಡುಗೆಮನೆಯ ಹಿಂಬಾಗಿಲ ಮೇಲೆ, ಎರಡನೇ ಅಂತಸ್ತಿನ ಎತ್ತರದಲ್ಲಿ, ಹೊರಗೋಡೆಯ ಇಟ್ಟಿಗೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಎಂಟು ವರ್ಷದ ಹಿಂದೆ ಅವನು ಅದನ್ನು ಮೊದಲು ಕಂಡು ಆಗಿನ ಮುಖ್ಯೋಪಾಧ್ಯಾಯರಿಗೆ ಹೇಳಿದ್ದ. "ಇದನ್ನ ಕಾಗದದ ಮೇಲೆ ಬರೆದ್ರೆ ನಾಳೇನೇ ಶಾಲೆ ಮುಚ್ತಾರೆ ಲ್ಯುಮಿರ್. ಗಾರೆ ಮೆತ್ತಿಬಿಡು" ಎಂದಿದ್ದರು ಅವರು. ಮರುವರ್ಷ ಅವರು ನಿವೃತ್ತರಾಗಿ ಊರು ಬಿಟ್ಟರು. ಇವನು ಮಾತ್ರ ಪ್ರತಿ ಶರತ್ಕಾಲದಲ್ಲಿ ಏಣಿ ಹತ್ತಿ ಬಿರುಕಿಗೆ ಗಾರೆ ತುಂಬುತ್ತಿದ್ದ. ಹೊಸ ಗಾರೆಯ ಬಿಳುಪು ಕಾಣದಿರಲೆಂದು ಬಾಯ್ಲರಿನ ಮಸಿ ಉಜ್ಜುತ್ತಿದ್ದ.

ಅಷ್ಟರಲ್ಲಿ ಶಾಲೆಯಲ್ಲಿ ಎಂಬತ್ತಮೂರು ಮಕ್ಕಳಷ್ಟೇ ಉಳಿದರು. ಅವರನ್ನು ಹನ್ನೆರಡು ಮೈಲಿ ಆಚೆಯ ದೊಡ್ಡೂರಿನ ಶಾಲೆಗೆ ಸೇರಿಸಿಬಿಡುವ ಮಾತೆದ್ದಿತು. ಶಾಲಾ ಮಂಡಳಿಯಲ್ಲಿ ಒಂದು ಸ್ಥಾನ ತೆರವಾದಾಗ ದನದ ಡಾಕ್ಟರು ಗ್ಲೆನ್ ಸ್ಕಾಲಾ ಚುನಾವಣೆಗೆ ನಿಂತ. "ಮೊದಲು ಇಂಜಿನಿಯರ್ ಕರೆಸಿ ಕಟ್ಟಡ ನೋಡಿಸೋಣ, ಆಮೇಲೆ ಇಡೋದೋ ಮುಚ್ಚೋದೋ ಮಾತಾಡೋಣ" ಎನ್ನುವುದು ಅವನ ವಾದ.

ಲ್ಯುಮಿರ್ ಎರಡು ರಾತ್ರಿ ನಿದ್ದೆಗೆಟ್ಟ. ಮೂರನೇ ದಿನ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಶಾಲೆಯ ಸಂಬಳ ತಿನ್ನುವವನು ಅದರ ಮಂಡಳಿಯಲ್ಲಿ ಕೂರುವಂತಿಲ್ಲ.

"ಪೊರಕೆ ಹಿಡಿದ ಕೈಗೆ ಕುರ್ಚಿ ಬೇಕಾಯ್ತಾ?" ಎಂದಳು ಅಡೆಲಿನ್. ಅಣಕದ ಕೆಳಗೆ ಹೆದರಿಕೆಯಿತ್ತು.

"ನಾನು ನಿಲ್ಲದಿದ್ರೆ ಗ್ಲೆನ್ ಗೆಲ್ತಾನೆ. ಅವನು ಗೆದ್ರೆ ಶಾಲೆ ಹೋಗುತ್ತೆ. ಶಾಲೆ ಹೋದ ಊರಲ್ಲಿ ಏನಿರುತ್ತೆ? ಸ್ಮಶಾನ, ಇಗರ್ಜಿ, ಬಾರು."

ಅವನ ಪರ ಊರೆಲ್ಲ ಸುತ್ತಿದವಳು ಶಾಲೆಯ ಅಡುಗೆಯವಳು ಜಾರ್ಜಿಯಾನ್ ಪೆಲ್ಟ್ಸ್. ಅವಳೂ ಲ್ಯುಮಿರೂ ಅದೇ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು. ಗಸಗಸೆಯ ಕೊಲಾಚಿ ಬನ್ನು ಬೇಯಿಸಿ ಬುಟ್ಟಿಗೆ ತುಂಬಿಕೊಂಡು ಅವಳು ಮನೆಮನೆಯ ಕದ ತಟ್ಟಿದಳು. "ಬನ್ನು ತಿಂದು ಆ ಕಡೆಗೆ ವೋಟು ಹಾಕಿದ್ರೆ ಹೊಟ್ಟೆ ಹಿಡ್ಕೊಳ್ಳುತ್ತೆ, ನೋಡ್ಕೋ" ಎಂದು ನಗಿಸಿ ಬರುತ್ತಿದ್ದಳು.

ಅಕ್ಟೋಬರಿನಲ್ಲಿ ಮಾಜಿ ಸೈನಿಕರ ಲೀಜನ್ ಸಭಾಂಗಣದಲ್ಲಿ ಇಬ್ಬರೂ ಅಭ್ಯರ್ಥಿಗಳನ್ನು ಕೂರಿಸಿ ಪ್ರಶ್ನೆ ಕೇಳಿದರು. ಮೊದಲ ತರಗತಿಯ ಮಗುವಿನ ತಾಯೊಬ್ಬಳು ಎದ್ದು ನಿಂತಳು. "ಲ್ಯುಮಿರ್, ನೀವು ನನ್ನ ಕಾಲದಿಂದಲೂ ಅಲ್ಲಿದ್ದೀರಿ. ಕಟ್ಟಡ ಗಟ್ಟಿ ಇದೆಯಾ? ಇಂಜಿನಿಯರ್ ಬೇಡ, ನೀವು ಹೇಳಿ ಸಾಕು."

  ಹೇಳಿಬಿಡಲೇ ಎಂದು ಒಂದು ಕ್ಷಣ ಲ್ಯುಮಿರ್‌ಗೆ ಅನಿಸಿದ್ದು ನಿಜ. ಎದುರಿನ ಸಾಲಿನಲ್ಲಿ ಜಾರ್ಜಿಯಾನ್ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹೆಮ್ಮೆಯಿಂದ ನೋಡುತ್ತಿದ್ದಳು.

"ಇನ್ನೂ ನೂರು ವರ್ಷ ನಿಲ್ಲುತ್ತೆ" ಎಂದ. ಜನ ಚಪ್ಪಾಳೆ ತಟ್ಟಿದರು.

ಹದಿನಾಲ್ಕು ಮತಗಳಿಂದ ಗೆದ್ದ. ಜನವರಿಯಲ್ಲಿ ಪ್ರಮಾಣವಚನ ಸ್ವೀಕರಿಸಿದ. ಏಣಿ ಹಾಕಿ ಗೋಡೆ ನೋಡಲು ಈಗ ಅವನಿಗೆ ಹಕ್ಕಿರಲಿಲ್ಲ. ಅವನ ಜಾಗಕ್ಕೆ ಬಂದವನಿಗೆ ಗೋಡೆಯ ಕಥೆ ಗೊತ್ತಿರಲಿಲ್ಲ. ಹೇಗಾದರೂ ದುರಸ್ತಿಗೆ ದಾರಿ ಮಾಡೋಣ, ಬೇಸಿಗೆಯವರೆಗೆ ತಡೆದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡ.

ಫೆಬ್ರವರಿಯಲ್ಲಿ ವಾರಪೂರ್ತಿ ಹೆಪ್ಪುಗಟ್ಟಿಸುವ ಚಳಿ, ಅದರ ಮರುದಿನವೇ ಇದ್ದಕ್ಕಿದ್ದಂತೆ ಬಿಸಿಲು; ಬಿರುಕುಗಳಲ್ಲಿ ಗಟ್ಟಿಯಾಗಿದ್ದ ನೀರು ಕರಗಿತು. ಗುರುವಾರ ಮಧ್ಯಾಹ್ನ, ಮಕ್ಕಳು ಇನ್ನೂ ಊಟದ ಮೇಜಿನಲ್ಲಿರುವಾಗ, ಜಾರ್ಜಿಯಾನ್ ಕಸದ ಚೀಲ ಹಿಡಿದು ಹಿಂಬಾಗಿಲು ದಾಟಿದಳು. ಗೋಡೆ ಕಳಚಿ ಬಿತ್ತು. ಇಟ್ಟಿಗೆ ರಾಶಿಯಿಂದ ಅವಳನ್ನು ಎಳೆದು ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಎಡಗಾಲನ್ನು ಮಂಡಿಯ ಮೇಲಿನಿಂದಲೇ ಕತ್ತರಿಸಬೇಕಾಯಿತು.

ಐದನೇ ದಿನ ಲ್ಯುಮಿರ್ ಆಸ್ಪತ್ರೆಗೆ ಹೋದ. ಜಾರ್ಜಿಯಾನ್ ಬಿಳುಚಿಕೊಂಡಿದ್ದಳು. ಆದರೂ ಅವನನ್ನು ಕಂಡು ನಗಲು ನೋಡಿದಳು.

"ನೂರು ವರ್ಷ ಅಂದಿದ್ದೆ ನೀನು. ನಾಲ್ಕು ತಿಂಗಳೂ ಆಗ್ಲಿಲ್ವಲ್ಲೋ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. "ನಂಗೆ ಗೊತ್ತಿತ್ತು ಜಾರ್ಜಿ."

"ಏನು ಗೊತ್ತಿತ್ತು?"

"ಗೋಡೆ. ಎಂಟು ವರ್ಷದಿಂದ. ನಾನೇ ಗಾರೆ ಮೆತ್ತಿ ಮಸಿ ಬಳೀತಿದ್ದೆ."



"ದಿನಕ್ಕೆ ಮೂರು ಸಲ ನಾನು ಆ ಬಾಗಿಲು ದಾಟ್ತಿದ್ದೆ" ಎಂದಳು. "ನೀನು ನೋಡ್ತಿದ್ದೆ. 'ಜಾರ್ಜಿ, ಆ ಕಡೆ ಹೋಗ್ಬೇಡ' ಅಂತ ಒಂದು ಮಾತು ಬರ್ಲಿಲ್ಲ ನಿನ್ನ ಬಾಯಲ್ಲಿ."

"ಹೇಳಿದ್ರೆ ಯಾಕೆ ಅಂತ ಕೇಳ್ತಿದ್ದೆ ನೀನು."

"ಹೌದು. ಕೇಳ್ತಿದ್ದೆ." ಆಮೇಲೆ ಅವಳು ಕಣ್ಣು ಮುಚ್ಚಿದಳು. "ಹೋಗು ಲ್ಯುಮಿರ್. ಇನ್ನು ಬರ್ಬೇಡ."

ಮುಂದಿನ ಸೋಮವಾರ ಮಂಡಳಿಯ ಸಭೆಗೆ ಊರೇ ಬಂದಿತ್ತು. ಲ್ಯುಮಿರ್ ಎದ್ದು ನಿಂತು, ಯಾರ ಹೆಸರನ್ನೂ ಎತ್ತದೆ, ತಾನು ಮಾಡಿದ್ದನ್ನೆಲ್ಲ ಹೇಳಿದ. ಮುಖ್ಯೋಪಾಧ್ಯಾಯರ ಮಾತನ್ನು ಹೇಳಲಿಲ್ಲ. ಏಣಿ ಹತ್ತಿದ್ದು ತನ್ನ ಕಾಲೇ ಅಲ್ಲವೇ ಎಂದು ಅವನಿಗೆ ಅನಿಸಿತ್ತು. ಕೊನೆಗೆ, ಶಾಲೆಯನ್ನು ಮುಚ್ಚಬೇಕೆಂಬ ನಿರ್ಣಯವನ್ನು ತಾನೇ ಮಂಡಿಸಿದ. ಮಂಡಳಿಯ ಆರೂ ಸದಸ್ಯರ ಕೈಗಳು ಮೇಲೆದ್ದವು. ಸಭೆಯಲ್ಲಿ ಯಾರೂ ಬಯ್ಯಲಿಲ್ಲ. ಅಕ್ಟೋಬರಿನಲ್ಲಿ ಪ್ರಶ್ನೆ ಕೇಳಿದ್ದ ತಾಯಿ ಮಗುವಿನ ಕೋಟಿನ ಗುಂಡಿ ಹಾಕಿ, ಅವನ ಕಡೆ ನೋಡದೆ ಹೊರಟುಹೋದಳು.

ಸಭೆ ಮುಗಿದ ಮೇಲೆ ಅವನು ರಾಜೀನಾಮೆಯ ಕಾಗದ ಬರೆದುಕೊಂಡು ಬರುತ್ತಿದ್ದಾಗ ಗ್ಲೆನ್ ಸ್ಕಾಲಾ ಬಾಗಿಲಲ್ಲಿ ಅಡ್ಡ ನಿಂತ.

"ಏನದು?"

"ನನ್ನ ಜಾಗ ನೀನೇ ತಗೋ ಗ್ಲೆನ್. ನಿನಗೇ ಬರ್ಬೇಕಾಗಿತ್ತು."

ಗ್ಲೆನ್ ಕಾಗದವನ್ನು ಓದಿ, ಮಡಿಸಿ, ಅವನ ಜೇಬಿಗೇ ತುರುಕಿದ. "ನಂಗೆ ಬೇಡ. ಶಾಲೆ ಮುಚ್ಚೋದು ಅಂದ್ರೆ ಬೀಗ ಹಾಕೋದಲ್ಲ. ಬಸ್ಸು ಗೊತ್ತು ಮಾಡ್ಬೇಕು, ಮೇಷ್ಟ್ರುಗಳಿಗೆ ಮುಖ ಕೊಟ್ಟು ಕೆಲಸ ಇಲ್ಲ ಅನ್ಬೇಕು, ಜಾರ್ಜಿಯಾನ್ ಪರಿಹಾರ ಕೇಳ್ತಾಳೆ, ಅವಳ ವಕೀಲನ ಎದುರು ಕೂತು ಉತ್ತರ ಕೊಡ್ಬೇಕು. ನೀನು ಮನೇಲಿ ಬಾಗಿಲು ಹಾಕ್ಕೊಂಡು ಅಳ್ತಾ ಕೂತ್ರೆ ಇದನ್ನೆಲ್ಲ ಮಾಡೋರ್ಯಾರು? ಕೂತ್ಕೋ. ಕೊನೇ ಕಾಗದಕ್ಕೆ ಸಹಿ ಹಾಕೋವರೆಗೂ ಕೂತ್ಕೋ."

ಅವನು ಕೂತ. ಆ ವಸಂತದಲ್ಲಿ ಏಳು ಜನ ಶಿಕ್ಷಕರನ್ನು ಒಬ್ಬೊಬ್ಬರಾಗಿ ಕರೆದು ಕೆಲಸ ಹೋದದ್ದನ್ನು ಹೇಳುವ ಹೊಣೆಯನ್ನು ತಾನೇ ಕೇಳಿ ಪಡೆದ. ಇಬ್ಬರು ಅವನ ಮುಖಕ್ಕೇ ಉಗಿದಂತೆ ಮಾತಾಡಿದರು. ವಕೀಲ ಕೇಳಿದ್ದಕ್ಕೆಲ್ಲ ಹೌದು ಎಂದ. ಭಾನುವಾರ ಇಗರ್ಜಿಯಲ್ಲಿ ಅವನೂ ಅಡೆಲಿನ್ನೂ ಕೂತ ಸಾಲಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. "ಎಲ್ಲಾದ್ರೂ ಹೋಗೋಣ, ಬೇರೆ ಊರಿಗೆ" ಎಂದು ಅಡೆಲಿನ್ ಒಮ್ಮೆ ಮಾತ್ರ ಕೇಳಿದಳು. ಅವನು ಕ್ಯಾಲೆಂಡರ್ ನೋಡಿ ಮುಂದಿನ ಸಭೆಯ ದಿನ ಹೇಳಿದ.

ಆಗಸ್ಟಿನಲ್ಲಿ ಊರಿನ ಮಕ್ಕಳು ದೊಡ್ಡೂರಿನ ಬಸ್ಸು ಹತ್ತಿದರು. ಜಾರ್ಜಿಯಾನ್ ಮಗಳ ಮನೆಗೆ ಹೋದಳು. ಮಂಡಳಿಯ ಕೊನೇ ಕಾಗದ ಇನ್ನೂ ಬಂದಿರಲಿಲ್ಲ. ಸೆಪ್ಟೆಂಬರಿನ ಸಭೆಯಲ್ಲಿ ಚರ್ಚೆಗೆ ಎರಡೇ ವಿಷಯಗಳಿದ್ದವು: ಬಸ್ಸಿನ ಹೊತ್ತು ಬದಲಿಸುವುದು, ಹಳೇ ಡೆಸ್ಕುಗಳನ್ನು ಏಲಂ ಹಾಕುವುದು. ಲ್ಯುಮಿರ್ ಮೇಜಿನ ತುದಿಯಲ್ಲಿ ಕೂತು ಎರಡಕ್ಕೂ ಕೈ ಎತ್ತಿದ.